ಮುಪ್ಪಿಗೂ ಬೇಕು ತಾಯಿ ಕಾರ್ಡಿನಂಥ ಲೆಕ್ಕ

2001ರ ಜನಗಣತಿಯಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರ ಹೊತ್ತಿಗೆ 11,37,961ಕ್ಕೆ ಇಳಿದಿತ್ತು. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕದ ಒಟ್ಟು ಜನಸಂಖ್ಯೆ ಶೇ 15ಕ್ಕೂ ಹೆಚ್ಚು ಏರಿತ್ತೆಂಬುದನ್ನೂ, ರಾಜ್ಯದಲ್ಲಿ ಜನರ ಸಂಖ್ಯೆ ಕುಗ್ಗಿದ ಜಿಲ್ಲೆ ಇದೊಂದೇ ಎಂಬುದನ್ನೂ ನೆನೆದರೆ ಸುಮಾರು ಮೂರು ಸಾವಿರದ ಈ ಇಳಿಕೆಯ ತೂಕ ತಿಳಿಯುತ್ತದೆ. ಹುಟ್ಟುವ ಮಕ್ಕಳ ಸಂಖ್ಯೆ ಇಳಿದದ್ದು ಇದಕ್ಕೆ ಒಂದು ಕಾರಣವಾದರೆ, ಓದು ಮುಗಿಸಿದ ಹುಡುಗ ಹುಡುಗಿಯರು ಕೆಲಸ ಹುಡುಕಿಕೊಂಡು ಬೆಂಗಳೂರಿನ ದಾರಿ ಹಿಡಿದದ್ದು ಇನ್ನೊಂದು ಕಾರಣ. ಎರಡರ ಪರಿಣಾಮವೂ ಊರಿನಲ್ಲಿ ಕಾಣುವುದು ಒಂದೇ ರೀತಿಯಲ್ಲಿ: ಉಳಿದವರಲ್ಲಿ ವಯಸ್ಸಾದವರ ಪಾಲು ಹೆಚ್ಚುತ್ತದೆ, ಅವರನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾಗುತ್ತವೆ.

ರಾಜ್ಯದ ಒಟ್ಟಾರೆ ಚಿತ್ರವೂ ಇದೇ ದಿಕ್ಕಿಗೆ ಸಾಗಿದೆ. 2011ರಲ್ಲಿ ಕರ್ನಾಟಕದ ಜನರಲ್ಲಿ ಶೇ 9.5ರಷ್ಟು ಮಂದಿ 60 ವರ್ಷ ದಾಟಿದವರಾಗಿದ್ದರು. ಕೇಂದ್ರ ಸರ್ಕಾರದ ಅಂದಾಜಿನಂತೆ 2031ರಲ್ಲಿ ಈ ಪಾಲು ಶೇ 15ನ್ನು ಮುಟ್ಟಲಿದೆ. ಒಬ್ಬ ಮಹಿಳೆಗೆ ಸರಾಸರಿ ಹುಟ್ಟುವ ಮಕ್ಕಳ ಸಂಖ್ಯೆಯನ್ನು ಒಟ್ಟು ಫಲವತ್ತತೆ ದರ ಎನ್ನುತ್ತಾರೆ. ಜನಸಂಖ್ಯೆ ಸ್ಥಿರವಾಗಿ ನಿಲ್ಲಲು ಅದು 2.1ರಷ್ಟಿರಬೇಕು, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಕರ್ನಾಟಕದಲ್ಲಿ ಅದು 1.7ಕ್ಕೆ ಬಂದಿತ್ತು.

ಇದನ್ನು ವಿಪತ್ತೆಂದು ಬಣ್ಣಿಸುವುದು ಸರಿಯಲ್ಲ, ಏಕೆಂದರೆ ಜನ ಮುಪ್ಪಿನವರೆಗೆ ಬದುಕುತ್ತಿರುವುದೇ ಸಾರ್ವಜನಿಕ ಆರೋಗ್ಯ ಸಾಧಿಸಿದ ಗೆಲುವು. ಮೈಸೂರು ಸಂಸ್ಥಾನವು 1929ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕವನ್ನು ತೆರೆಯಿತು. ಮರುವರ್ಷ ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ಆರಂಭಿಸಿ ಲೋಕಕ್ಕೇ ಮೊದಲಿಗನೆನಿಸಿತು. ಅಂದು ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಚಿಕ್ಕಮಗಳೂರು ಸೀಮೆಯ ಮಲೆನಾಡಿನ ಭಾಗದಲ್ಲಿ ಊರಿಗೆ ಊರೇ ಮಲೇರಿಯಾದಿಂದ ನರಳುತ್ತಿದ್ದ ಕಾಲವದು. 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, ಲಸಿಕೆ, ಶುದ್ಧ ನೀರು ಮತ್ತು ಸುರಕ್ಷಿತ ಹೆರಿಗೆ ಸೇರಿ ಜನರ ಆಯುಷ್ಯವನ್ನು ಎಳೆದು ಉದ್ದ ಮಾಡಿದವು. ಹಾಗೆ ಉಳಿದ ಮಕ್ಕಳೇ ಈಗ ಎಪ್ಪತ್ತು, ಎಂಬತ್ತು ದಾಟಿ ಮನೆಯ ಜಗಲಿಯ ಮೇಲೆ ಕುಳಿತಿದ್ದಾರೆ. ಅವರನ್ನು ಬದುಕಿಸಿದ ವ್ಯವಸ್ಥೆಯೇ ಅವರ ಮುಪ್ಪನ್ನೂ ನೋಡಿಕೊಳ್ಳಬೇಕಾದ ಹೊಣೆ ಹೊತ್ತಿದೆ.

ಆ ಹೊಣೆ ಹೊರುವ ಬಗೆ ಮಾತ್ರ ಹಳೆಯದಾಗಿ ಉಳಿಯುವಂತಿಲ್ಲ. ಮಲೇರಿಯಾಕ್ಕೆ ಸೊಳ್ಳೆ, ಕಾಲರಾಕ್ಕೆ ನೀರು ಎಂಬಂತೆ ಮುಪ್ಪಿನ ಕಾಯಿಲೆಗಳಿಗೆ ಒಂದು ಕಾರಣವನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ. ಒಬ್ಬರಲ್ಲೇ ಬಿಪಿ, ಶುಗರ್, ಮಂಡಿನೋವು, ಕಣ್ಣಿನ ಪೊರೆ, ಮಂದ ಕಿವಿ ಒಟ್ಟಿಗೆ ಸೇರಿಕೊಂಡು ಒಂದನ್ನೊಂದು ಬಲಪಡಿಸುತ್ತವೆ. ಕಣ್ಣು ಮಂಜಾದವರು ಬಚ್ಚಲಿನಲ್ಲಿ ಜಾರಿ ಬೀಳುತ್ತಾರೆ, ಬಿದ್ದವರು ಹೆದರಿ ನಡೆಯುವುದನ್ನು ಬಿಡುತ್ತಾರೆ, ನಡೆಯದ ಕಾಲು ಸೊರಗುತ್ತದೆ, ಕಾಲು ಸೊರಗಿದವರು ಮತ್ತೆ ಬೀಳುತ್ತಾರೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2015ರ ತನ್ನ ವರದಿಯಲ್ಲಿ ರೋಗಗಳ ಪಟ್ಟಿಯನ್ನು ಬದಿಗಿಟ್ಟು ‘ಕಾರ್ಯಸಾಮರ್ಥ್ಯ’ವನ್ನು ಆರೋಗ್ಯಕರ ಮುಪ್ಪಿನ ಅಳತೆಗೋಲಾಗಿ ಮುಂದಿಟ್ಟಿತು. ತನಗೆ ಮುಖ್ಯವೆನಿಸಿದ ಕೆಲಸಗಳನ್ನು, ಅಂದರೆ ಎದ್ದು ನಡೆಯುವುದು, ಸ್ನಾನ ಮಾಡುವುದು, ಸಂತೆಗೆ ಹೋಗಿ ಬರುವುದು, ನಾಲ್ಕು ಜನರೊಡನೆ ಮಾತಾಡುವುದು ಇಂಥವನ್ನು, ಮಾಡಿಕೊಳ್ಳಲು ಒಬ್ಬ ವ್ಯಕ್ತಿಗಿರುವ ಶಕ್ತಿಯನ್ನೂ ಅದಕ್ಕೆ ಸುತ್ತಲಿನ ಪರಿಸರ ಕೊಡುವ ಅನುಕೂಲವನ್ನೂ ಈ ಪರಿಕಲ್ಪನೆ ಕೂಡಿಸಿ ನೋಡುತ್ತದೆ. ಸಕ್ಕರೆ ಕಾಯಿಲೆಯಿದ್ದೂ ತೋಟಕ್ಕೆ ನಡೆದು ಹೋಗಿ ಬರುವ ಎಪ್ಪತ್ತೈದರ ರೈತ ಈ ಅಳತೆಯಲ್ಲಿ ಆರೋಗ್ಯವಂತನೇ. ಯಾವ ದೊಡ್ಡ ರೋಗವೂ ಇಲ್ಲದೆ ಕಿವಿ ಕೇಳಿಸದ ಕಾರಣಕ್ಕೆ ಮೂಲೆ ಸೇರಿದ ಮುದುಕಿ ಆರೋಗ್ಯವಂತೆಯಲ್ಲ.

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಖರಾಯಪಟ್ಟಣವನ್ನು ಈ ಕಣ್ಣಿನಿಂದ ನೋಡಬೇಕು. ಶಕುನಿ ರಂಗನಾಥಸ್ವಾಮಿಯ ದೇವಾಲಯಕ್ಕೂ ಸಮೀಪದ ಅಯ್ಯನಕೆರೆಗೂ ಹೆಸರಾದ ಈ ಊರು, ಕಡೂರು ಮತ್ತು ಚಿಕ್ಕಮಗಳೂರುಗಳ ನಡುವೆ, ಎರಡಕ್ಕೂ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ತೆರೆದುಕೊಳ್ಳುವ ಜಾಗದಲ್ಲಿದೆ. ಹೆದ್ದಾರಿ ಊರ ಮುಂದೆಯೇ ಹಾದುಹೋಗುತ್ತದೆ, 2013ರಿಂದ ರೈಲೂ ನಿಲ್ಲುತ್ತದೆ, 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟಿನ ಖರ್ಚೂ ಇಲ್ಲ. ಇಷ್ಟಿದ್ದರೂ ಸುತ್ತಲಿನ ಹಳ್ಳಿಯ ಅಜ್ಜಿಯೊಬ್ಬರು ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾದರೆ ಮನೆಯಿಂದ ಬಸ್ಸಿನವರೆಗೆ ನಡೆಯಬೇಕು, ಎತ್ತರದ ಮೆಟ್ಟಿಲು ಹತ್ತಬೇಕು, ಆಸ್ಪತ್ರೆಯಲ್ಲಿ ಸಾಲು ನಿಲ್ಲಬೇಕು, ಜೊತೆಗೆ ಬರುವವರು ಒಂದು ದಿನದ ಕೂಲಿ ಬಿಡಬೇಕು. ಟಿಕೆಟ್ ಉಚಿತವಾದದ್ದು ನಿಜವಾದ ಉಪಕಾರ; ಆದರೆ ನಡೆಯಲಾರದವರಿಗೆ ದೂರವೆಂಬುದು ಕಿಲೋಮೀಟರಿನಲ್ಲಿ ಇರುವುದಿಲ್ಲ, ಮೊದಲ ನೂರು ಹೆಜ್ಜೆಯಲ್ಲಿ ಇರುತ್ತದೆ. ಮುಪ್ಪಿನ ಆರೋಗ್ಯಸೇವೆ ಮನೆಬಾಗಿಲಿನಿಂದ ಆರಂಭವಾಗದಿದ್ದರೆ ಅತ್ಯಂತ ಅಗತ್ಯವಿರುವವರಿಗೇ ಅದು ತಲುಪುವುದಿಲ್ಲ.

ಕಾಗದದ ಮೇಲೆ ಈ ಏರ್ಪಾಡು ಬಹಳ ಹಿಂದೆಯೇ ಸಿದ್ಧವಾಗಿದೆ. 2010–11ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹಿರಿಯರ ಆರೋಗ್ಯ ಪಾಲನೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಪಕೇಂದ್ರದ ಸಿಬ್ಬಂದಿ ಹಾಸಿಗೆ ಹಿಡಿದವರ ಮನೆಗೆ ಭೇಟಿ ಕೊಡುವುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರಿಗೆಂದೇ ಚಿಕಿತ್ಸಾ ದಿನ ನಡೆಯುವುದು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಫಿಸಿಯೋಥೆರಪಿ ದೊರೆಯುವುದು, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ಪ್ರತ್ಯೇಕ ವಾರ್ಡು ಇರುವುದು ಎಲ್ಲವನ್ನೂ ಬರೆದಿಡಲಾಗಿದೆ. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಶುರುಮಾಡಿ ಬಳಿಕ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯು ತಪಾಸಣೆಯನ್ನೂ ಮಾತ್ರೆಯನ್ನೂ ಮನೆಗೇ ಒಯ್ಯುವ ಒಳ್ಳೆಯ ಹೆಜ್ಜೆ.

ಇದಕ್ಕಿಂತಲೂ ಹೆಚ್ಚು ಗಮನಕ್ಕೆ ಅರ್ಹವಾದದ್ದು, ಅಷ್ಟೇ ಕಡಿಮೆ ಚರ್ಚೆಯಾದದ್ದು, ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಒಂದು ನಮೂನೆ. 30 ವರ್ಷ ದಾಟಿದವರ ಆರೋಗ್ಯದ ಅಪಾಯಗಳನ್ನು ಗುರುತಿಸಲು ಮನೆಮನೆಯಲ್ಲಿ ತುಂಬಿಸಿಕೊಳ್ಳುವ ಈ ಪ್ರಶ್ನಾವಳಿಯಲ್ಲಿ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ: ನಿಂತಾಗ, ನಡೆಯುವಾಗ ತೂರಾಡಿದಂತಾಗುತ್ತದೆಯೇ, ಓಡಾಟಕ್ಕೆ ಅಡ್ಡಿಯಾಗುವ ಊನವಿದೆಯೇ, ಉಣ್ಣಲು, ಉಡಲು, ಸ್ನಾನ ಶೌಚಗಳಿಗೆ ಇನ್ನೊಬ್ಬರ ನೆರವು ಬೇಕೇ, ಹತ್ತಿರದವರ ಹೆಸರಾಗಲಿ ಮನೆಯ ವಿಳಾಸವಾಗಲಿ ಮರೆತುಹೋಗುತ್ತದೆಯೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕಾರ್ಯಸಾಮರ್ಥ್ಯದ ತಿರುಳು ಈ ಸರಳ ಪ್ರಶ್ನೆಗಳಲ್ಲೇ ಅಡಗಿದೆ. ಕೇಳಿದ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬಂದ ಮೇಲೆ ಏನಾಗಬೇಕೆಂಬುದೇ ಇಡೀ ವಿಷಯದ ಜೀವಾಳ.

ಈ ಪ್ರಶ್ನೆಗೆ ಉತ್ತರವು ರಾಜ್ಯದ ಆರೋಗ್ಯ ಇಲಾಖೆಯ ಅನುಭವದಲ್ಲೇ ಇದೆ. ಹಳ್ಳಿಯಲ್ಲಿ ಹೆಣ್ಣುಮಗಳೊಬ್ಬಳು ಗರ್ಭಿಣಿಯಾದೊಡನೆ ಅವಳ ಹೆಸರು ದಾಖಲಾಗುತ್ತದೆ, ಕೈಗೆ ತಾಯಿ ಕಾರ್ಡು ಬರುತ್ತದೆ, ಮುಂದಿನ ತಪಾಸಣೆಯ ದಿನಾಂಕ ಅದರಲ್ಲಿ ನಮೂದಾಗುತ್ತದೆ. ಆ ದಿನ ಅವಳು ಬರದಿದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ವಿಚಾರಿಸುತ್ತಾಳೆ. ಬಾಣಂತಿ ಮತ್ತು ಶಿಶು ಮರಣ ಇಳಿದುದರ ಹಿಂದೆ ಔಷಧಿಯಷ್ಟೇ ಈ ಲೆಕ್ಕದ ಶಿಸ್ತೂ ಇದೆ. ಹಿರಿಯರ ವಿಷಯದಲ್ಲಿ ಇದು ತಿರುಗುಮುರುಗಾಗಿದೆ: ಕಾಯಿಲೆ ಬಂದಾಗ ಅವರು ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗಬೇಕು, ಬಾರದಿದ್ದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ಒಂದು ಉಪಕೇಂದ್ರದ ವ್ಯಾಪ್ತಿ ಬಯಲುಸೀಮೆಯಲ್ಲಿ ಸುಮಾರು 5,000 ಜನ. ರಾಜ್ಯದ ಸರಾಸರಿಯನ್ನೇ ಹಿಡಿದರೂ ಅದರಲ್ಲಿ 60 ದಾಟಿದವರು ಐನೂರರಿಂದ ಆರುನೂರು ಮಂದಿ ಆಗಬಹುದು, ಅವರಲ್ಲಿ ನಿಜವಾಗಿ ಇನ್ನೊಬ್ಬರ ಆಸರೆ ಬೇಕಾದವರು ಇನ್ನೂ ಕಡಿಮೆ. ಹೆಸರು ಹಿಡಿದು ನೆನಪಿಡಬಹುದಾದ ಸಂಖ್ಯೆ ಇದು. ಸಮುದಾಯ ಆರೋಗ್ಯಾಧಿಕಾರಿಯ ಬಳಿ ಅಷ್ಟು ಹೆಸರುಗಳ ಪಟ್ಟಿಯೊಂದಿದ್ದು, ಪ್ರತಿಯೊಬ್ಬರ ಮುಂದೆ ಬಿಪಿಯ ಅಂಕಿ, ಕಣ್ಣು ಕಿವಿಗಳ ಸ್ಥಿತಿ, ಕಳೆದ ವರ್ಷ ಬಿದ್ದದ್ದುಂಟೇ ಎಂಬ ಮಾಹಿತಿ ಮತ್ತು ಮುಂದಿನ ಭೇಟಿಯ ದಿನ ಬರೆದಿದ್ದರೆ ಬಹುಪಾಲು ಕೆಲಸ ಆದಂತೆಯೇ. ಇದಕ್ಕೆ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಕಿಲ್ಲ. ಆದರೆ ಈಗಾಗಲೇ ಹತ್ತಾರು ಸಮೀಕ್ಷೆಗಳ ಭಾರ ಹೊತ್ತಿರುವ ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಬಿಟ್ಟಿಯಾಗಿ ಹೊರಿಸುವುದು ಅನ್ಯಾಯ. ಗರ್ಭಿಣಿಯ ಆರೈಕೆಗೆ ಪ್ರೋತ್ಸಾಹಧನವಿರುವಂತೆ ಹಿರಿಯರ ಮನೆಭೇಟಿಗೂ ಇರಲೇಬೇಕು.

ಇಂಥ ಸಣ್ಣ ಕೆಲಸಗಳ ಫಲ ಸಣ್ಣದಲ್ಲವೆಂಬುದು ಮರೆವಿನ ಕಾಯಿಲೆಯ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ನೆನಪು, ಯೋಚನೆ ಮತ್ತು ನಿತ್ಯದ ವ್ಯವಹಾರದ ಶಕ್ತಿ ಕ್ರಮೇಣ ಕುಂದುವ ಸ್ಥಿತಿಯನ್ನು ಡಿಮೆನ್ಷಿಯಾ ಎನ್ನುತ್ತಾರೆ. ಭಾರತದಲ್ಲಿ 60 ದಾಟಿದವರ ಪೈಕಿ ಶೇ 7.4ರಷ್ಟು ಮಂದಿಗೆ ಇದು ಇರಬಹುದೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ನಗರಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಅದರ ಪ್ರಮಾಣ ಹೆಚ್ಚು. ‘ವಯಸ್ಸಾಯಿತು, ಅರಳುಮರಳು’ ಎಂದು ಮನೆಯವರು ಸುಮ್ಮನಾಗುವ ಈ ಸ್ಥಿತಿಯನ್ನು ಹಳ್ಳಿಗಾಡಿನಲ್ಲೇ ಅರಿಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೇಲ್ಪಟ್ಟ 10,000 ಗ್ರಾಮಸ್ಥರನ್ನು ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನವನ್ನು ಕೈಗೊಂಡಿದೆ. ಡಿಮೆನ್ಷಿಯಾ ಪ್ರಕರಣಗಳಲ್ಲಿ ಸುಮಾರು ಶೇ 45ನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಹೇಳಿತು. ಅದು ಹೆಸರಿಸಿದ 14 ಅಪಾಯಕಾರಿ ಅಂಶಗಳಲ್ಲಿ ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಿವುಡುತನ, ಚಿಕಿತ್ಸೆ ಕಾಣದ ದೃಷ್ಟಿದೋಷ, ಖಿನ್ನತೆ, ಒಂಟಿತನ ಎಲ್ಲವೂ ಇವೆ. ಇವುಗಳಲ್ಲಿ ಯಾವುದನ್ನು ಗುರುತಿಸಲೂ ಮೊದಲಿಗೆ ಮಹಾನಗರದ ಆಸ್ಪತ್ರೆ ಬೇಕಿಲ್ಲ.

ಬೀಳುವುದನ್ನು ತಡೆಯುವುದೂ ಹಾಗೆಯೇ. ಸಮತೋಲನ ಮತ್ತು ಕಾಲಿನ ಬಲ ಹೆಚ್ಚಿಸುವ ನಿಯಮಿತ ವ್ಯಾಯಾಮದಿಂದ ಬೀಳುವ ಪ್ರಮಾಣ ಸುಮಾರು ಶೇ 23ರಷ್ಟು ತಗ್ಗುತ್ತದೆಂದು ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕೊಕ್ರೇನ್ ವಿಮರ್ಶೆ ತೋರಿಸಿದೆ. ಬಚ್ಚಲಿಗೆ ಒಂದು ಹಿಡಿಗಂಬಿ, ರಾತ್ರಿ ಉರಿಯುವ ಸಣ್ಣ ದೀಪ, ಶೌಚಾಲಯದಲ್ಲಿ ಕೂರಲು ಅನುಕೂಲವಾದ ಎತ್ತರದ ಆಸನ ಇವಕ್ಕೆ ಗ್ರಾಮ ಪಂಚಾಯಿತಿ ನೆರವಾದರೆ ಅದು ಸೊಂಟದ ಮೂಳೆ ಮುರಿದ ಮೇಲಿನ ಶಸ್ತ್ರಚಿಕಿತ್ಸೆಗಿಂತ ಎಷ್ಟೋ ಅಗ್ಗ.

ಹಣದ ಮಾತನ್ನು ಇಲ್ಲಿ ಬಿಡುವಂತಿಲ್ಲ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ 1,200 ರೂಪಾಯಿಯಷ್ಟೇ ಇದ್ದು, ಬೇಳೆ, ಹಾಲು, ಮೊಟ್ಟೆ ಸೇರಿದ ಊಟಕ್ಕೇ ಅದು ಸಾಲದು. ಆಹಾರದಲ್ಲಿ ಪ್ರೋಟೀನು ಕಡಿಮೆಯಾದಾಗ ಸ್ನಾಯು ಕರಗುವುದರಿಂದ ಈ ಮಾಸಾಶನವನ್ನು ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುವುದು ದಾನವಲ್ಲ, ನೇರವಾದ ಆರೋಗ್ಯ ಕ್ರಮ. ಅದೇ ವರ್ಷ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಮೂಲಕ ಮಕ್ಕಳಿಂದ ಜೀವನಾಂಶ ಕೋರಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡುವ ಹಕ್ಕು ಹಿರಿಯರಿಗಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅವರಿಗೆ ಪ್ರತ್ಯೇಕ ಸಾಲು ಇರಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಹಾಸಿಗೆ ಹಿಡಿದವರ ಆರೈಕೆಯ ಭಾರ ಇಂದು ಬಹುತೇಕ ಮನೆಯ ಸೊಸೆ, ಮಗಳು ಅಥವಾ ಅಷ್ಟೇ ವಯಸ್ಸಾದ ಹೆಂಡತಿಯ ಮೇಲೆ ಬಿದ್ದಿದೆ. ಕೇರಳದಲ್ಲಿ ಊರಿನ ಸ್ವಯಂಸೇವಕರೂ ದಾದಿಯರೂ ಸೇರಿ ಮನೆಗೆ ಹೋಗಿ ನೋವು ತಗ್ಗಿಸುವ, ಹುಣ್ಣು ತೊಳೆಯುವ ಉಪಶಮನ ಆರೈಕೆಯನ್ನು ಬೆಳೆಸಿ, 2008ರಲ್ಲಿ ಅದನ್ನು ಸರ್ಕಾರದ ನೀತಿಯನ್ನಾಗಿಯೂ ಮಾಡಲಾಯಿತು. ಸ್ತ್ರೀಶಕ್ತಿ ಸಂಘಗಳೂ ಹಾಲಿನ ಸಹಕಾರ ಸಂಘಗಳೂ ಬೇರೂರಿರುವ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ಈ ಮಾದರಿ ಒಗ್ಗದಿರಲು ಕಾರಣ ಕಾಣುವುದಿಲ್ಲ. ಈ ಮೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳು ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಊರಿನ ಆಸರೆ ಬೇಕಾದ ಹಿರಿಯರ ಪಟ್ಟಿಯನ್ನು ಉಪಕೇಂದ್ರದಿಂದ ಕೇಳಿ ಪಡೆಯಲಿ, ಪಟ್ಟಿ ಇಲ್ಲದಿದ್ದರೆ ಅದನ್ನು ಮಾಡಿಸಲಿ. ಅಲ್ಲಿಯವರೆಗೆ, ನೆರವು ಬೇಕಾದ ಹಿರಿಯರಾಗಲಿ ಅವರ ಪರವಾಗಿ ನೆರೆಯವರಾಗಲಿ 14567 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬಹುದು.