ತಮಟೆ ಯಾಕೆ ಕಾಯಿಸ್ತಾರೆ?

ಜಾತ್ರೆ ಜೋರಾಗಿರುವಾಗ,
ತಮಟೆಯವರು ಮೇಳ ಬಿಟ್ಟು ಬೆಂಕಿ ಹತ್ರ ಹೋಗೋದು ನೋಡಿದೀರಾ?
ಚಳಿಗಲ್ಲ ಸ್ವಾಮಿ.
ಶ್ರುತಿಗೆ!

ತುರುವೇಕೆರೆ ತಾಲ್ಲೂಕು, ದಂಡಿನಶಿವರ.
ಸುತ್ತ ತೆಂಗಿನ ತೋಟ.
ಸುಗ್ಗಿ ಮುಗೀತು ಅಂದ್ರೆ ಈ ಕಡೆ ಜಾತ್ರೆ ಸಾಲು.
ವಾರವೆಲ್ಲ ಕೂಲಿ ಮಾಡೋ ಕಲಾವಿದರು
ಶನಿವಾರ ಒಂದೂರು, ಭಾನುವಾರ ಇನ್ನೊಂದೂರು.
ಬೆಳಗಾಗೋವರೆಗೂ ಬಾರಿಸೋದೇ.

ಈಗ ವಿಷಯಕ್ಕೆ ಬನ್ನಿ.
ತಮಟೆಗೆ ಬಿಗಿದಿರೋದು ತೊಗಲು.
ರಾತ್ರಿ ಇಬ್ಬನಿ ಬೀಳುತ್ತೆ.
ತೊಗಲು ತೇವ ಹೀರುತ್ತೆ, ಸಡಿಲ ಆಗುತ್ತೆ.
ಆಮೇಲೆ ಬಾರಿಸಿದ್ರೆ?
ಮೆತ್ತಗಾದ ಹಪ್ಪಳ ಮುರಿದಂಗೆ.
ಸದ್ದೇ ಇಲ್ಲ!

ಅದಕ್ಕೇ ಒಂದಿಷ್ಟು ಒಣ ಗರಿ ಹಚ್ಚಿ,
ಉರಿಗೆ ತಮಟೆ ಹಿಡೀತಾರೆ.
ತೇವ ಆರುತ್ತೆ, ತೊಗಲು ಬಿಗಿಯುತ್ತೆ, ನಾದ ಏರುತ್ತೆ.
ಬೆರಳಲ್ಲಿ ತಟ್ಟಿ ನೋಡ್ತಾರೆ.
ಕಿವಿ ಹ್ಞೂಂ ಅಂದ್ರೆ ಸಾಕು.
ಜಾಸ್ತಿ ಕಾದ್ರೆ ತೊಗಲೇ ಹಾಳು!
ಫೈಬರ್ ತಮಟೆಗೆ ಈ ಪಾಡಿಲ್ಲ.
ನಂಗಂತೂ ಅದರ ಸದ್ದು ಹಿಡಿಸಲ್ಲ, ಬಿಡಿ.

ಇನ್ನೊಂದು ಮಜಾ.
ಅಮೆರಿಕದ ಬ್ಲೂಸ್ ಸಂಗೀತದ ಕ್ಲಬ್ಬಲ್ಲಿ, ಪರಿಚಯವಿಲ್ಲದವರೂ ಒಟ್ಟಿಗೆ ನುಡಿಸ್ತಾರೆ.
12 ಬಾರ್ ಅನ್ನೋ ತಾಳದ ಲೆಕ್ಕ ಎಲ್ಲರಿಗೂ ಗೊತ್ತಿರುತ್ತಲ್ಲ, ಅದಕ್ಕೆ.
ಇಲ್ಲೂ ಅಷ್ಟೇ.
ಪಕ್ಕದೂರಿನ ಮೇಳ ಬಂದು ಸೇರಿದ್ರೂ ರಿಹರ್ಸಲ್ ಬೇಕಿಲ್ಲ.
ದೇವರು ಹೊತ್ತವರ ಹೆಜ್ಜೆ ನೋಡ್ತಾರೆ,
ಪೆಟ್ಟು ಬದಲಿಸ್ತಾರೆ.

ಇದೇ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು.
ಪಡೆದವರು ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪ.
ಊರ ಜಾತ್ರೇಲಿ ಮಾತ್ರ,
ಡಿಜೆಗೆ ಕೇಳಿದಷ್ಟು ಕೊಡೋರು
ತಮಟೆಯವರ ಹತ್ರ ಚೌಕಾಸಿಗೆ ನಿಲ್ತಾರೆ.