ಮಾಗಡಿ: ಬೆಂಗಳೂರು ಕಳೆದುಕೊಂಡವರ ರಾಜಧಾನಿ

ಬೆಂಗಳೂರು–ಮಂಗಳೂರು ಹೆದ್ದಾರಿಯ ಗುಡೇಮಾರನಹಳ್ಳಿ ಹ್ಯಾಂಡ್‌ಪೋಸ್ಟ್‌ನಲ್ಲಿ ಇಳಿದು ದಕ್ಷಿಣಕ್ಕೆ ಹೊರಳಿದರೆ, ರಾಗಿ ಹೊಲ, ಮಾವಿನ ತೋಪು, ಕೆರೆ ಏರಿಗಳನ್ನು ದಾಟಿದ ದಾರಿ ಮಾಗಡಿ ಸೇರುತ್ತದೆ. ಇಂದು ತಾಲ್ಲೂಕು ಕೇಂದ್ರವಾಗಿರುವ ಈ ಊರು 1638ರಿಂದ 1728ರವರೆಗೆ, ತೊಂಬತ್ತು ವರ್ಷ, ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ರಾಜಧಾನಿಯಾಗಿತ್ತು. ಬೆಂಗಳೂರಿನ ಚರಿತ್ರೆ ಹೇಳುವವರು 1537ರ ಕೋಟೆಯಿಂದ ತೊಡಗಿ ಶಹಾಜಿ, ಹೈದರ್, ಟಿಪ್ಪು, ಇಂಗ್ಲಿಷರತ್ತ ಸಾಗಿಬಿಡುತ್ತಾರೆ. ನಗರ ಕಳೆದುಕೊಂಡ ಗೌಡರು ಎಲ್ಲಿ ನೆಲೆ ನಿಂತರು, ಏನು ಕಟ್ಟಿದರು ಎಂಬುದನ್ನು ತಿಳಿಯಲು ಮಾಗಡಿಗೇ ಬರಬೇಕು.

ರಾಜಧಾನಿಗಳ ಸೀಮೆ

ಈ ಸೀಮೆಗೆ ರಾಜಧಾನಿ ಹೊಸದಲ್ಲ. ಪಕ್ಕದ ನೆಲಮಂಗಲ ತಾಲ್ಲೂಕಿನ ಮಣ್ಣೆ, ಎಂಟನೆಯ ಶತಮಾನದಲ್ಲಿ ಗಂಗರ ದೊರೆ ಶ್ರೀಪುರುಷ ಆಳಿದ ಮಾನ್ಯಪುರ. ಚನ್ನಪಟ್ಟಣದ ಬಳಿಯ ಮಾಕುಂದವೂ ಗಂಗರ ಬೀಡಾಗಿತ್ತು. ಚನ್ನಪಟ್ಟಣದಲ್ಲಿ ಜಗದೇವರಾಯನ ವಂಶ ಆಳುತ್ತಿತ್ತು. 1630ರಲ್ಲಿ ಅದು ಮೈಸೂರಿನ ಪಾಲಾಯಿತು. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಮತ್ತೊಂದು ಬಗೆಯ ಗುರುತಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿಜಯನಗರದ ಬುಕ್ಕರಾಯ 1368ರಲ್ಲಿ ಮಾಡಿಸಿದ ಒಪ್ಪಂದದ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಇಲ್ಲೂ ಇದೆ. ದೊಡ್ಡ ರಾಜ್ಯವೊಂದರ ತೀರ್ಪನ್ನು ಕಲ್ಲಿನಲ್ಲಿ ಕೊರೆದು ನಿಲ್ಲಿಸುವಷ್ಟು ಜನವಸತಿ, ಮಠ ಮಂದಿರಗಳು ಆಗಲೇ ಇಲ್ಲಿದ್ದವು.

ಬಯಲಿನಿಂದ ಬೆಟ್ಟಕ್ಕೆ

ಕೆಂಪೇಗೌಡರ ಮನೆತನದ ಮೊದಲ ನೆಲೆ ಯಲಹಂಕ. ಹಿರಿಯ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ, ಪೇಟೆಗಳನ್ನು ಕಟ್ಟಿದರು. 1569ರಲ್ಲಿ ತೀರಿಕೊಂಡ ಅವರ ಐಕ್ಯಸ್ಥಳ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ ಎಂಬುದು ಅಲ್ಲಿನ ಶಾಸನದಿಂದ 2015ರಲ್ಲಿ ನಾಡಿಗೆ ತಿಳಿಯಿತು. ಅವರ ಬಳಿಕ ಬಂದ ಇಮ್ಮಡಿ ಕೆಂಪೇಗೌಡರು ಮಾಗಡಿಯನ್ನೂ ಸಾವನದುರ್ಗವನ್ನೂ ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು.

1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್, ಶಹಾಜಿಯೊಡನೆ ಬಂದು ಬೆಂಗಳೂರನ್ನು ಹಿಡಿದ. ಬಿಜಾಪುರಕ್ಕೆ ಬೇಕಿದ್ದುದು ವ್ಯಾಪಾರದ ದಾರಿಗಳು ಕೂಡುವ ಬಯಲಿನ ಪೇಟೆ. ಅದು ಶಹಾಜಿಯ ಜಹಗೀರಾಯಿತು. ಕಲ್ಲು, ಕಾಡು ತುಂಬಿದ ಮಾಗಡಿಯ ಸೀಮೆ ಗೌಡರಿಗೆ ಉಳಿಯಿತು. ಹೀಗೆ ಒಂದು ಮನೆತನ ತಾನೇ ಕಟ್ಟಿದ ನಗರವನ್ನು ಬಿಟ್ಟು, ಕೆಲವೇ ಹರದಾರಿ ದೂರದ ಬೆಟ್ಟದ ಬುಡದಲ್ಲಿ ಮತ್ತೆ ರಾಜ್ಯ ಹೂಡಿತು. ಮಾಗಡಿಯ ಮಣ್ಣಿನ ಕೋಟೆ, ಸೋಮೇಶ್ವರ ದೇವಾಲಯ, ಇಲ್ಲಿನ ತಿರುಮಲೆಯ ರಂಗನಾಥಸ್ವಾಮಿಯ ಸನ್ನಿಧಿಗೆ ಸಂದ ಸೇವೆ, ಸುತ್ತಿನ ಕೆರೆಕಟ್ಟೆ, ಎಲ್ಲವೂ ಈ ಮನೆತನದ ಹೆಸರನ್ನು ಹೊತ್ತಿವೆ.

ಸಾವನದುರ್ಗದ ಬಲ

ಮಾಗಡಿಯನ್ನು ಕಾದದ್ದು ಊರಿನ ಗೋಡೆಗಿಂತ ಹೆಚ್ಚಾಗಿ ಸಾವನದುರ್ಗ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಈ ಏಕಶಿಲೆ ಬೆಟ್ಟದಲ್ಲಿ ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳು, ನಡುವೆ ಕಂದರ. ಒಂದು ಕೈಬಿಟ್ಟರೂ ಇನ್ನೊಂದರಲ್ಲಿ ನಿಂತು ಕಾದಾಡಬಹುದು ಎಂಬುದು ಕಾವಲಿನವರ ನೆಚ್ಚಿಕೆ. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಾಲಯಗಳಿವೆ. ಆಚೆ ಹುತ್ರಿದುರ್ಗ, ಹುಲಿಯೂರುದುರ್ಗ, ಕುದೂರಿನ ಬಳಿಯ ಭೈರವದುರ್ಗ ಸೇರಿ ಕೋಟೆಗಳ ಸಾಲೇ ಇದೆ.

ಆದರೂ 1728ರಲ್ಲಿ, ದೊಡ್ಡ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನ ದಳವಾಯಿ ದೇವರಾಜಯ್ಯನ ಸೈನ್ಯ ಮಾಗಡಿಯನ್ನೂ ದುರ್ಗವನ್ನೂ ಗೆದ್ದಿತು. ಮನೆತನದ ಕೊನೆಯ ಅರಸು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡರು. ಬೆಟ್ಟದ ಬೆಲೆ ಮಾತ್ರ ಕುಗ್ಗಲಿಲ್ಲ. 1791ರ ಮೇ ತಿಂಗಳಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದವರೆಗೆ ಹೋಗಿದ್ದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್, ದವಸಧಾನ್ಯವಿಲ್ಲದೆ, ದನಗಳು ಸತ್ತು, ಹಿಂದಿರುಗಬೇಕಾಯಿತು. ಮತ್ತೆ ಹೊರಡುವ ಮೊದಲು ಬೆಂಗಳೂರಿನಿಂದ ಬರುವ ಸರಂಜಾಮಿನ ದಾರಿ ಭದ್ರವಾಗಬೇಕು. ಟಿಪ್ಪುವಿನ ಕೈಯಲ್ಲಿದ್ದ ಸಾವನದುರ್ಗ ಆ ದಾರಿಯ ಮಗ್ಗುಲಲ್ಲೇ ಇತ್ತು. ಡಿಸೆಂಬರಿನಲ್ಲಿ ಕಾಡಿನೊಳಗೆ ಫಿರಂಗಿಗಳನ್ನು ಎಳೆದು ತಂದು, ದಿನಗಟ್ಟಲೆ ಗುಂಡು ಹಾರಿಸಿ ಗೋಡೆ ಒಡೆದರು. ಡಿಸೆಂಬರ್ 21ರಂದು ಏರಿದ ಸೈನಿಕರು ಒಂದು ಗಂಟೆಯೊಳಗೆ ಬೆಟ್ಟವನ್ನು ಹಿಡಿದರು. ದೂರದಿಂದಲೇ ಕಲ್ಲು ಸೀಳುವ ಫಿರಂಗಿ ಬಂದ ಮೇಲೆ ಎತ್ತರವೊಂದೇ ಕಾವಲಾಗಲಿಲ್ಲ. ಸಾವನದುರ್ಗವನ್ನು ನಂಬಿ ಬೆಳೆದ ಮಾಗಡಿ ಮತ್ತೆ ರಾಜಧಾನಿಯಾಗದೆ ಉಳಿದುದಕ್ಕೆ ಇದೂ ಒಂದು ಕಾರಣ.

ಇಂದಿನ ಮಾಗಡಿ

ಅರಸೊತ್ತಿಗೆ ಹೋದರೂ ಊರು ಹಾಳು ಬೀಳಲಿಲ್ಲ. ರಾಜಧಾನಿಯನ್ನು ಸಾಕಿದ್ದ ಹಳ್ಳಿಗಳು ಬದುಕಿದ್ದವು. ಯುಗಾದಿ ಕಳೆದ ಮೇಲೆ ತಿರುಮಲೆಯಲ್ಲಿ ರಂಗನಾಥಸ್ವಾಮಿಯ ತೇರು, ಅದರ ಜೊತೆಗೆ ದನಗಳ ಜಾತ್ರೆ ಇಂದಿಗೂ ನಡೆಯುತ್ತವೆ. ಚಳಿಗಾಲದಲ್ಲಿ ಬೆಂಗಳೂರಿನ ಮಾರುಕಟ್ಟೆಯಲ್ಲಿ ಸೊಗಡಿನ ಅವರೆಕಾಯಿ ಎಂದರೆ ಗಿರಾಕಿಗಳು ಕೇಳುವುದು ಮಾಗಡಿಯದನ್ನು. ರಾಗಿ, ಮಾವು, ರೇಷ್ಮೆ ಇಲ್ಲಿನ ಸಂಸಾರಗಳ ಆಧಾರ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 1907ರಲ್ಲಿ ಹುಟ್ಟಿದ ವೀರಾಪುರವೂ ಈ ತಾಲ್ಲೂಕಿನದೇ.

ಬೆಂಗಳೂರಿನ ನಂಟೂ ಕಡಿದಿಲ್ಲ. 1933ರಲ್ಲಿ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿದಾಗ ಮಾಗಡಿ ದಿಕ್ಕಿನ ನೀರೇ ನಗರದ ದಾಹ ತಣಿಸಿತು. ಊರುಗಳು ಬೆಳೆದಂತೆ ನದಿಗೆ ಕೊಳಚೆ ಸೇರಿ, ಕೆರೆಗಳ ಕಾಲುವೆಗಳು ಮುಚ್ಚಿ, ಆ ಜಲಾಶಯವೇ ಸೊರಗಿತು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿದ ಮಾಗಡಿ, 2025ರಲ್ಲಿ ಸರ್ಕಾರ ಆ ಜಿಲ್ಲೆಯ ಹೆಸರು ಬದಲಿಸಿದಾಗ ಬೆಂಗಳೂರು ದಕ್ಷಿಣ ಜಿಲ್ಲೆಯ ಊರಾಯಿತು. ಬೆಂಗಳೂರು ಈಗ ಹೆಸರಿನಲ್ಲೂ ಇಲ್ಲಿಯವರೆಗೆ ಬಂದಿದೆ. ನಿವೇಶನಗಳ ಬೇಲಿ ಹೊಲಗಳನ್ನು ಸುತ್ತುತ್ತಿದೆ.

ವಿಮಾನ ನಿಲ್ದಾಣದ ಬಳಿ 2022ರಲ್ಲಿ ಕೆಂಪೇಗೌಡರ 108 ಅಡಿ ಪ್ರತಿಮೆ ನಿಂತಿತು. ಅದು ಸಲ್ಲಬೇಕಾದ ಗೌರವ. ಆದರೆ ಆ ಮನೆತನದ ನಿಜವಾದ ಕಸುಬು ಊರು ಕಟ್ಟುವುದು, ಊರಿಗೆ ಕೆರೆ ಕೊಡುವುದು. ಮಾಗಡಿಯ ಕೋಟೆ, ಕೆಂಪಾಪುರದ ಐಕ್ಯಸ್ಥಳ, ಸಾವನದುರ್ಗದ ಕಾಡು, ಕೆಂಪಸಾಗರದಂಥ ಕೆರೆಗಳು ಒಟ್ಟಿಗೆ ಉಳಿದರೆ ಮಾತ್ರ ಆ ಕಸುಬು ಮುಂದಿನವರಿಗೆ ಅರ್ಥವಾಗುತ್ತದೆ. ಇವುಗಳಲ್ಲಿ ಮೊದಲು ಕಾಯಬೇಕಾದುದು ಕೆರೆಯ ಕಾಲುವೆ. ಉದುರಿದ ಕೋಟೆಯ ಕಲ್ಲನ್ನು ಮತ್ತೆ ಜೋಡಿಸಬಹುದು. ಮನೆಗಳೆದ್ದ ಕಾಲುವೆಯಲ್ಲಿ ಮತ್ತೆ ನೀರು ಹರಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.