ಹೃದಯಕ್ಕೊಂದು ಉಪವಾಸ

ಹೃದಯದ ಉರಿಯೂತ ಹುಡುಕುವ ಸ್ಕ್ಯಾನಿನ ಹಿಂದಿನ ದಿನ ರೋಗಿಗೆ ಅನ್ನವಿಲ್ಲ, ಮುದ್ದೆಯಿಲ್ಲ, ಹಣ್ಣಿಲ್ಲ, ಸಕ್ಕರೆ ಹಾಕಿದ ಕಾಫಿಯೂ ಇಲ್ಲ. ಬೆಣ್ಣೆಯಲ್ಲಿ ಹುರಿದ ಮೊಟ್ಟೆ, ಮಾಂಸ ತಿನ್ನಿ ಎನ್ನುತ್ತಾರೆ. ಆಮೇಲೆ ರಾತ್ರಿಯಿಡೀ ಉಪವಾಸ. ಹೃದಯದ ಕಾಯಿಲೆಯವರಿಗೆ ಜಿಡ್ಡು ತಿನ್ನಿಸುವುದೇ ಎಂದು ಮನೆಯವರು ಗಾಬರಿಯಾದರೆ ಅದು ಸಹಜ. ಈ ಊಟದ ಪಟ್ಟಿಯೇ ಪರೀಕ್ಷೆಯ ಅರ್ಧ ಭಾಗ.

ಸಾರ್ಕಾಯಿಡೋಸಿಸ್ ಎಂಬ ಉರಿಯೂತದಲ್ಲಿ ದೇಹವನ್ನು ಕಾಯಬೇಕಾದ ಕೋಶಗಳೇ ಗುಂಪುಗೂಡಿ ಸಣ್ಣ ಗಂಟುಗಳಾಗುತ್ತವೆ. ಹೆಚ್ಚಾಗಿ ಶ್ವಾಸಕೋಶದಲ್ಲಿ, ಕೆಲವರಿಗೆ ಹೃದಯದ ಸ್ನಾಯುವಿನಲ್ಲಿ. ಗಂಟು ಹೃದಯದ ವಿದ್ಯುತ್ ಹಾದಿಯಲ್ಲಿ ಕೂತರೆ ಬಡಿತ ತಪ್ಪುತ್ತದೆ. ಗಟ್ಟಿಮುಟ್ಟಾಗಿದ್ದವರೂ ಹಠಾತ್ತನೆ ಹೋಗಿಬಿಡುವುದುಂಟು. ಗಂಟು ಇದೆಯೆಂದು ತಿಳಿಯುವುದು ಹೇಗೆ? 1962ರಲ್ಲಿ ಜಪಾನಿನ ಸಕಾಕಿಬಾರ ಮತ್ತು ಕೊನ್ನೊ ರಕ್ತನಾಳದೊಳಗಿಂದ ಚಿಮಟ ತೂರಿಸಿ ಹೃದಯದ ಚೂರು ತೆಗೆಯುವುದನ್ನು ತೋರಿಸಿಕೊಟ್ಟಿದ್ದರು. ಆದರೆ ಗಂಟುಗಳು ಅಲ್ಲೊಂದು ಇಲ್ಲೊಂದು. ಚಿಮಟ ಪಕ್ಕದ ಒಳ್ಳೆಯ ಮಾಂಸ ಕಚ್ಚಿ ತಂದರೆ ವರದಿಯಲ್ಲಿ ಏನೂ ಇಲ್ಲ. ಬಹಳಷ್ಟು ಸಲ ಆಗುತ್ತಿದ್ದುದೇ ಅದು.

ದಾರಿ ತೆರೆದದ್ದು ಮೆದುಳಿನ ಕಡೆಯಿಂದ. 1976ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ತಾತ್ಸುವೊ ಇದೊ ಮತ್ತು ಸಂಗಡಿಗರು ವಿಕಿರಣದ ಗುರುತು ಹೊತ್ತ ಸಕ್ಕರೆ ತಯಾರಿಸಿದರು. ಅದೇ ಎಫ್‌ಡಿಜಿ. ಅದರ ವಿಕಿರಣ 110 ನಿಮಿಷಕ್ಕೆ ಅರ್ಧವಾಗುತ್ತದೆ. ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಒಯ್ದು, ಅಬಾಸ್ ಅಲವಿಯವರ ತಂಡ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಚುಚ್ಚಿ ಮೆದುಳಿನ ಚಿತ್ರ ತೆಗೆಯಿತು.

ಆ ಸಕ್ಕರೆಯನ್ನು ಹೆಚ್ಚು ತಿಂದ ಜಾಗ ಸ್ಕ್ಯಾನಿನಲ್ಲಿ ಬೆಳಗುತ್ತದೆ. ಮೆದುಳಿನಂತೆ ಉರಿಯೂತದ ಕೋಶಗಳಿಗೂ ಸಕ್ಕರೆಯ ಹಸಿವು ಜಾಸ್ತಿ. ತೊಡಕೆಂದರೆ, ಹೃದಯವೂ ಸಕ್ಕರೆ ತಿನ್ನುತ್ತದೆ. ಉಂಡು ಬಂದವರ ಸ್ಕ್ಯಾನಿನಲ್ಲಿ ಇಡೀ ಹೃದಯವೇ ಬೆಳಗಿ, ರೋಗ ಆ ಬೆಳಕಿನಲ್ಲೇ ಅಡಗಿಬಿಡುತ್ತದೆ. ಆದರೆ ಹೊಟ್ಟೆ ಖಾಲಿಯಿದ್ದಾಗ ಒಳ್ಳೆಯ ಸ್ನಾಯು ಕೊಬ್ಬಿಗೆ ಹೊರಳುತ್ತದೆ. ಗಂಟಿನ ಕೋಶಗಳು ಮಾತ್ರ ಸಕ್ಕರೆ ಬಿಡುವುದಿಲ್ಲ. 2004ರಲ್ಲಿ ಜಪಾನಿನ ವೈದ್ಯರು ಉಪವಾಸವಿದ್ದ ರೋಗಿಗಳಲ್ಲಿ ಇದನ್ನೇ ಕಂಡರು: ಕಪ್ಪು ಹೃದಯದ ಗೋಡೆಯಲ್ಲಿ ಬೆಳಗುವ ಮಚ್ಚೆಗಳು. ಬರೀ ಉಪವಾಸ ಎಲ್ಲರಿಗೂ ಸಾಲದೆ ಜಿಡ್ಡಿನ ಊಟವೂ ಸೇರಿತು. ಯಂತ್ರದ ಜಾಣತನಕ್ಕಿಂತ ಈ ಉಪಾಯವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಚಿಕಿತ್ಸೆಗೂ ಈಗ ಅದೇ ಕಣ್ಣು. ಸ್ಟೀರಾಯ್ಡ್ ಕೊಟ್ಟು, ಕೆಲವು ತಿಂಗಳ ಮೇಲೆ ಮತ್ತೆ ಸ್ಕ್ಯಾನ್. ಮಚ್ಚೆ ಮಾಸಿದ್ದರೆ ಔಷಧಿ ಇಳಿಸುತ್ತಾರೆ, ಉಳಿದಿದ್ದರೆ ಬೇರೊಂದು ಸೇರಿಸುತ್ತಾರೆ. ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರ ಬೇಕು: ಕ್ಷಯದ ಗಂಟೂ ಹೀಗೇ ಹೊಳೆಯುತ್ತದೆ, ಅದಕ್ಕೆ ಬರೀ ಸ್ಟೀರಾಯ್ಡ್ ಕೊಟ್ಟರೆ ಅಪಾಯ. ಅದಕ್ಕೇ ಅದೇ ಸ್ಕ್ಯಾನಿನಲ್ಲಿ ಎದೆಯ ಯಾವ ಗ್ರಂಥಿ ಹೊಳೆಯುತ್ತಿದೆಯೆಂದು ನೋಡಿ, ಅಲ್ಲಿಂದ ಚೂರು ತೆಗೆದು ಪರೀಕ್ಷಿಸಿದ ಮೇಲೆ ಮಾತ್ರೆ ಬರೆಯುತ್ತಾರೆ.